ಸೊನ್ನೆ ಎನ್ನದ ಕಾಕಾ

ನಮ್ಮ ಕಾಕಾನಷ್ಟು ಅಪಾಯಕಾರಿ ಮನುಷ್ಯ ಇಡೀ ಶಿಗ್ಗಾಂವಿ ತಾಲೂಕಿನಲ್ಲೇ ಇಲ್ಲ! ಇದು ನನ್ನ ಮಾತಲ್ಲ, ನಮ್ಮ ಬಂಧುಬಳಗದ ಒಮ್ಮತದ ತೀರ್ಮಾನ. ಜೀವಮಾನವಿಡೀ ಒಂದು ಪರಮಾಣು ಪ್ರಯೋಗಾಲಯದಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದವರಿಗೆ ಈ ಬಿರುದು ಸಿಗಬೇಕಾದರೆ ಹೋದ ಜನ್ಮದಲ್ಲಿ ಎಂಥ ಪುಣ್ಯ ಮಾಡಿರಬೇಕು, ನೀವೇ ಹೇಳಿ.

ಅವರ ಕೆಲಸವೇನು? ಕಣ್ಣಿಗೆ ಕಾಣದ್ದನ್ನು ಅಳೆಯುವುದು, ಅಳೆದು ಜನರ ಬೆನ್ನು ಹತ್ತುವುದು. ಯಾರ ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಹೇಳುವ ಒಂದು ಬ್ಯಾಡ್ಜ್ ಇರುತ್ತದಂತೆ. ಅದನ್ನು ಎದೆಗೆ ಸಿಕ್ಕಿಸಿಕೊಳ್ಳದೆ ಬಂದವರು ಎಷ್ಟೇ ದೊಡ್ಡ ವಿಜ್ಞಾನಿಯಾಗಿರಲಿ, ಬಾಗಿಲಲ್ಲೇ ತಡೆ. ಹೊರಗೆ ಹೋಗುವಾಗ ಯಂತ್ರದ ಮೇಲೆ ಕೈಕಾಲು ಇಟ್ಟು ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಅಲ್ಲೂ ತಡೆ. ಒಮ್ಮೆ ಖುದ್ದು ನಿರ್ದೇಶಕರನ್ನೇ ಹಾಗೆ ನಿಲ್ಲಿಸಿದರು. ಸಾಹೇಬರಿಗೆ ವಿಮಾನ ತಪ್ಪಿತು, ಕಾಕಾನಿಗೆ ಬಡ್ತಿ ತಪ್ಪಿತು. ಇವರಿದ್ದಷ್ಟು ಕಾಲ ಅಲ್ಲಿ ಯಾವ ಅನಾಹುತವೂ ಆಗಲಿಲ್ಲ. ಆದರೆ ಏನೂ ಆಗದಂತೆ ನೋಡಿಕೊಂಡವನಿಗೆ ಹಾರ ಹಾಕುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದೂ ಹಿಂದೆ ಬೀಳುತ್ತದೆ.

ಇನ್ನು ಅವರ ಹುಚ್ಚಿನ ವಿಷಯ. ಕಾಕಾನ ಬಾಯಲ್ಲಿ 'ಸೊನ್ನೆ' ಎಂಬ ಮಾತು ಬರುವುದಿಲ್ಲ. ವಿಕಿರಣ ಎಷ್ಟಿದೆ ಎಂದು ಕೇಳಿದರೆ ಹೇಳುತ್ತಾರೆ, ಏನೂ ಇಲ್ಲವೇ ಎಂದು ಕೇಳಿದರೆ ಕೆರಳುತ್ತಾರೆ.

"ಮಣ್ಣಾಗ ಐತಿ, ಕಲ್ಲಾಗ ಐತಿ, ನೀ ತಿನ್ನೂ ಬಾಳಿಹಣ್ಣಿನ್ಯಾಗೂ ಚೂರು ಐತಿ. ಸೊನ್ನಿ ಅಂತ ಬರದಾವ ಅಳದೇ ಇಲ್ಲ ಅಂತ ತಿಳಿ!"

ತೀರಾ ಕಡಿಮೆ ಇದ್ದರೆ ಅದಕ್ಕೂ ಒಂದು ಮಾತು ಇಟ್ಟುಕೊಂಡಿದ್ದರು: "ಅಳತಿಗೆ ಸಿಗವಲ್ದು." ಅಳತೆಗೆ ಸಿಗುತ್ತಿಲ್ಲ ಎನ್ನುವುದು ಪ್ರಯೋಗಾಲಯದಲ್ಲಿ ವಿಜ್ಞಾನ. ಮನೆಗೆ ಬಂದರೆ? ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಒಂದು ದಿನ ಸಾರು ಬಡಿಸಿ ಕೇಳಿದಳು.

"ಉಪ್ಪು ಬರೋಬರಿ ಆಗೇತೇನ್ರಿ?"

"ಅಳತಿಗೆ ಸಿಗವಲ್ದು."

ಚಿಗವ್ವ ಉಪ್ಪಿನ ಡಬ್ಬಿಯನ್ನೇ ತಂದು ತಾಟಿನ ಮುಂದೆ ಕುಕ್ಕಿದಳು. "ತಗೊರಿ, ಸಿಗೂತನಕಾ ಹಾಕ್ಕೊರಿ!"

ಅಂದೇ ನಾನು ಮನೆಯಲ್ಲಿ ಒಂದು ಪಂದ್ಯ ಸಾರಿದೆ. ಕಾಕಾನ ಬಾಯಿಂದ 'ಸೊನ್ನೆ' ಹೊರಡಿಸಿದವರಿಗೆ ಬಾಯಿ ಸುಡುವ ಕುರುಕಲು ತಿಂಡಿ, ಸವಣೂರಿನ ಖಾರದ ದೊಡ್ಡ ಪೊಟ್ಟಣ! ಖಾರವೆಂದರೆ ಪ್ರಾಣ ಬಿಡುವ ಚಿಗವ್ವ ಎಷ್ಟೋ ಸಲ ಹೊಂಚು ಹಾಕಿ ಸೋತಳು. ಪೊಟ್ಟಣ ಅಂಗಡಿಯಲ್ಲೇ ಉಳಿಯಿತು.

ಈ ಹುಚ್ಚು ಮನೆಯೊಳಗೇ ಇದ್ದಿದ್ದರೆ ನಗುತ್ತಾ ಕಾಲ ಕಳೆಯಬಹುದಿತ್ತು. ಆದರೆ ಕಾಕಾ ಸ್ವಂತಕ್ಕೊಂದು ವಿಕಿರಣ ಅಳೆಯುವ ಮೀಟರು ಕೊಂಡಿದ್ದರಲ್ಲ! ಹಳೆಯ ಸಹಪಾಠಿಯೊಬ್ಬರು ಸವಣೂರಿನಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದರು. ಎಲ್ಲರೂ ಉಡುಗೊರೆ ಹಿಡಿದು ಹೋದರೆ ನಮ್ಮ ಕಾಕಾ ಮೀಟರು ಹಿಡಿದು ಹೋದರು. ಅಡುಗೆಮನೆಯ ಹೊಸ ಗ್ರಾನೈಟ್ ಕಟ್ಟೆಯ ಹತ್ತಿರ ಅದು ಟಿಕ್ ಟಿಕ್ ಎಂದಿತು. ಹೋಳಿಗೆ ಬಡಿಸುತ್ತಿದ್ದವರ ಕೈ ನಿಂತಿತು.

"ಹೆದರಬ್ಯಾಡ್ರಿ, ಎಲ್ಲಾ ಕಲ್ಲಿನ್ಯಾಗೂ ಇರತೈತಿ," ಎಂದರು ಕಾಕಾ ಸಂತೋಷದಿಂದ.

"ಅಂದ್ರ ಅಪಾಯ ಏನೂ ಇಲ್ಲ ಹೌದಿಲ್ರಿ?" ಎಂದರು ಮನೆಯ ಯಜಮಾನರು, ಬೆವರು ಒರೆಸಿಕೊಳ್ಳುತ್ತಾ.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು! "ಏನೂ ಇಲ್ಲ ಅನ್ನಾಕ ಬರೂದಿಲ್ರಿ. ಅಪಾಯ ಅಳತಿಗೆ ಸಿಗವಲ್ದು ಅನ್ನಬಹುದು."

ಅರ್ಧ ಪಂಕ್ತಿ ಎದ್ದು ಕೈ ತೊಳೆಯಿತು. ಸಹಪಾಠಿಯ ಸ್ನೇಹವೂ ಅಲ್ಲಿಗೇ ಮುಗಿಯಿತು. ಆಮೇಲೆ ಊರಿನಿಂದ ಊರಿಗೆ ಹೋಗುತ್ತಾ ಸುದ್ದಿ ಮಗ್ಗುಲು ಬದಲಿಸಿತು: ಮೀಟರು ಕೂಗಿದ್ದು ಕಲ್ಲಿಗಲ್ಲವಂತೆ, ಹಿಡಿದವನ ಮೈಗಂತೆ! ಹಿರೇಕೆರೂರಿನ ಬೀಗರು ಬಂದರೆ ಅಂಗಳದಲ್ಲೇ ನಿಂತು, ಕಾಗದದ ಕಪ್ಪಿನಲ್ಲಿ ಚಹಾ ಕುಡಿದು, ಕಪ್ಪನ್ನು ಗಟಾರಕ್ಕೆ ಎಸೆದು ಹೊರಟುಬಿಡುತ್ತಿದ್ದರು. ಹೋಗುವಾಗ ಗುಟಕಾ ಚೀಟು ಹರಿದು ಬಾಯಿಗೆ ಸುರುವಿಕೊಳ್ಳುತ್ತಿದ್ದರು. ಅದಕ್ಕೇನೂ ಭಯವಿಲ್ಲ ನೋಡಿ! ಕಾಕಾನ ಮೇಲೆ ಬಿದ್ದ ವಿಕಿರಣ ಅವರಿಗೆ ಅಂಟಿಕೊಂಡು ಮನೆಗೆ ಬರುವಂಥದ್ದಲ್ಲ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ಕೇಳುವವರು ಯಾರು?

ಹೀಗಿರುವಾಗ ಚಿಗವ್ವನ ಗಂಟಲಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಕ್ಯಾನ್ಸರ್ ಎಂದರು.

ನೋಡಲು ಬಂದವರಲ್ಲಿ ಹಾನಗಲ್ಲಿನ ಅತ್ತೆ ಮೊದಲಿಗರು. ಕಾಕಾನ ಸ್ವಂತ ಅಕ್ಕ. ಹಾಸಿಗೆಯಿಂದ ಮಾರು ದೂರ ಕುರ್ಚಿ ಎಳೆದುಕೊಂಡು ಕುಳಿತು, ಚಿಗವ್ವನ ಎದುರಿಗೇ ಅಂದುಬಿಟ್ಟರು: "ಆ ಸುಡುಗಾಡ ಲ್ಯಾಬಿನ್ಯಾಗಿಂದ ತಂದು ಹೇಣ್ತಿಗೆ ಹಚ್ಚಿದಿ ನೋಡೋ!"

ಕಾಕಾ ಈಗ ಸಿಡಿಯುತ್ತಾರೆ, ಲೆಕ್ಕ ಒಪ್ಪಿಸುತ್ತಾರೆ ಎಂದು ಕಾದೆ. ಅವರು ಮೀಟರನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟು ಬಂದರು. ನನಗೆ ಆ ಅತ್ತೆಯ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ವಿಧಿಯ ಕುಹಕ ನೋಡಿ, ಚಿಕಿತ್ಸೆಯೂ ವಿಕಿರಣದ್ದೇ! ಮೊದಲ ದಿನವೇ ಕಾಕಾ ಆಸ್ಪತ್ರೆಯಲ್ಲಿ ಯಂತ್ರ ನಡೆಸುವವನನ್ನು ತಡೆದು ನಿಲ್ಲಿಸಿದರು. "ಬ್ಯಾಡ್ಜ್ ಎಲ್ಲೈತ್ರಿ ನಿಮ್ದು?" ಆತ ಪೆಚ್ಚಾಗಿ ಡ್ರಾಯರಿನಿಂದ ತೆಗೆದು ಸಿಕ್ಕಿಸಿಕೊಂಡ. ಒಳಗೆ ಮಲಗಿದ್ದ ಚಿಗವ್ವ ನಕ್ಕಳಂತೆ. ಅಲ್ಲಾಡಬಾರದೆಂದು ಬೈಸಿಕೊಂಡಳಂತೆ.

ವಾರಗಟ್ಟಲೆ ಹುಬ್ಬಳ್ಳಿಗೆ ಹೋಗಿಬರುವುದೇ ಕೆಲಸವಾಯಿತು. ಗಾಡಿ ನಾನೇ ನಡೆಸುತ್ತಿದ್ದೆ. ಒಂದು ಮಧ್ಯಾಹ್ನ ವಾಪಸು ಬರುವಾಗ ತಡಸ ಕ್ರಾಸಿನಲ್ಲಿ ನಿಲ್ಲಿಸಿ ಆಕೆಗೆ ತಣ್ಣನೆಯ ಹಾಲು ತಂದೆ. ನೀರು ನುಂಗುವುದೂ ಕಷ್ಟವಾಗಿತ್ತು. ಕಪ್ಪು ಕೈಯಲ್ಲಿ ಹಿಡಿದುಕೊಂಡೇ, ಹೆದ್ದಾರಿಯ ಲಾರಿಗಳನ್ನು ನೋಡುತ್ತಾ, ಪಕ್ಕದಲ್ಲಿ ಕುಳಿತಿದ್ದ ಕಾಕಾನನ್ನು ಆ ಒಡೆದ ದನಿಯಲ್ಲಿ ಕೇಳಿದಳು.

"ರೀ... ಖರೇ ಹೇಳ್ರಿ. ನನಗಿದು ನಿಮ್ಮಿಂದ ಬಂತೇನ್ರಿ?"

ಈ ಮನುಷ್ಯ ಈಗ ಅಳತಿಗೆ ಸಿಗವಲ್ದು ಅಂದರೆ? ಉಳಿದ ಆಯುಷ್ಯವಿಡೀ ಅವಳು ಆ ಸಂಶಯವನ್ನು ಹಾಲಿನ ಜೊತೆ ನುಂಗುತ್ತಾ ಇರಬೇಕಲ್ಲ! ಕಾಕಾ, ದಯವಿಟ್ಟು ಈ ಒಂದು ಸಲ ಅಧಿಕಾರಿಯಾಗಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕಾಕಾ ಅವಳ ಕೈಯಿಂದ ಕಪ್ಪು ತೆಗೆದುಕೊಂಡು ಬದಿಗಿಟ್ಟರು. ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು.

"ಸೊನ್ನಿ," ಅಂದರು.

"ಹಾಂ?"

"ಸೊನ್ನಿ. ನಾ ಅಳದೇನಿ."

ಚಿಗವ್ವ ಅವರ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಕೇಳಿದಿಲ್ಲೋ? ನನ್ನ ಖಾರ ತಂದುಕೊಡು," ಎಂದಳು.

ಮರುದಿನ ಸವಣೂರಿಗೆ ಹೋಗಿ ದೊಡ್ಡ ಪೊಟ್ಟಣವನ್ನೇ ತಂದೆ. ಒಂದು ಕಾಳು ಬಾಯಿಗೆ ಹಾಕಿಕೊಳ್ಳುವ ಹಾಗಿರಲಿಲ್ಲ ಅವಳು. ಪೊಟ್ಟಣ ಬಿಚ್ಚಿ, ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡಳು. ಒಂದು ಹಿಡಿ ತೆಗೆದು ಗಂಡನ ಅಂಗೈಯಲ್ಲಿಟ್ಟಳು. ಅವರು ತಿನ್ನುವುದನ್ನೇ ನೋಡುತ್ತಾ ಕೇಳಿದಳು.

"ಖಾರ ಬರೋಬರಿ ಐತೇನ್ರಿ?"

ಕಾಕಾನ ಎರಡೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಭಾಳ ಐತಿ," ಎಂದರು, ಇನ್ನೊಂದು ಹಿಡಿಗೆ ಕೈ ಚಾಚುತ್ತಾ.