ಸೆಕೆಂಡಿಗೆ ಹನ್ನೊಂದು ಚಿತ್ರ

ಅಕ್ಕ ತೀರ್ಪು ಕೊಟ್ಟುಬಿಟ್ಟಳು.

"ಬೇರೆ ಕಾರ್ಡು ಹಾಕಿಸ್ಕೋ. ಇಲ್ಲಾಂದ್ರೆ ಮುಂದಿನ ವಾರದಿಂದ ಗೇಟಿನ ಹತ್ರ ನಿನಗೋಸ್ಕರ ನಾನು ನಿಂತಿರಲ್ಲ. ನಿನ್ನ ಕರ್ಕೊಂಡು ಹೋಗೋದೂ ಒಂದೇ, ಬೀರು ಎಳ್ಕೊಂಡು ಹೋಗೋದೂ ಒಂದೇ!"

ಕಾಜಮ್ಮ ಹೆಡ್‌ಫೋನು ತೆಗೆದಿಟ್ಟು ಗೋಡೆ ನೋಡುತ್ತ ಕೂತಳು. ಬೀರು ಅನ್ನಿಸಿಕೊಂಡಿದ್ದಕ್ಕೆ ಬೇಸರವಿಲ್ಲ. (ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಆಟದ ಟೀಚರಾಗಿದ್ದವಳು. ಅವಳ ಬಾಯಲ್ಲಿ ಬೀರು ಎಂದರೆ ಒಂದು ಬಗೆಯ ಮುದ್ದು.) ಸಂಕಟವಾದದ್ದು ಗೇಟಿನ ವಿಷಯಕ್ಕೆ.

ಆ ಗೇಟು ಇರುವುದು ಕಂಪ್ಯೂಟರ್ ಆಟದೊಳಗೆ. ಆಟದಲ್ಲೊಂದು ಹಳ್ಳಿ, ಹಳ್ಳಿಯ ಆಚೆ ಸೇತುವೆ, ಸೇತುವೆಯ ಆಚೆ ಕೆರೆ. ಕೆರೆಯಲ್ಲಿ ಎಲ್ಲರೂ ಮೀನು ಹಿಡಿಯುತ್ತಾರೆ. ಅಕ್ಕ ದೂರದ ಊರಿನಲ್ಲಿ ತನ್ನ ಮನೆಯಲ್ಲಿ ಕೂತು ಆಡುತ್ತಾಳೆ, ಕಾಜಮ್ಮ ಇಲ್ಲಿ ಎರಡನೇ ಮಹಡಿಯ ತನ್ನ ಒಂಟಿ ಕೋಣೆಯಲ್ಲಿ. ಸಂಜೆ ಐದಕ್ಕೆ, ಅವರ ಬದಲು ಆಟದಲ್ಲಿ ಓಡಾಡುವ ಇಬ್ಬರ ಗೊಂಬೆಗಳೂ ಗೇಟಿನ ಬಳಿ ಸೇರಿ ಕೆರೆಗೆ ಹೊರಡಬೇಕು. ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು. ಗೊಂಬೆಗಳು ಹತ್ತಿರವಿದ್ದರೆ ಮಾತ್ರ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುತ್ತದೆ. ದೂರ ಹೋದರೆ ಇಲ್ಲ. ಫೋನಿನಲ್ಲಾದರೆ ಅಕ್ಕನದು ಮೂರೇ ಪ್ರಶ್ನೆ: ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಇಡ್ಲಾ? ಆಟದಲ್ಲಿ ಮಾತ್ರ ಪೂರ್ತಿ ಒಂದು ಗಂಟೆಯ ಮಾತು. ಕಾಜಮ್ಮನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮನುಷ್ಯರ ದನಿ ಇರುತ್ತಿದ್ದದ್ದು ಆ ಒಂದರಲ್ಲೇ. ಉಳಿದ ಇಪ್ಪತ್ತಮೂರರಲ್ಲಿ ಫ್ರಿಜ್ಜು ಮಾತಾಡುತ್ತಿತ್ತು.

ತೊಂದರೆ ಯಂತ್ರದ್ದು. ಅದು ತೀರಿಹೋದ ಗಂಡನ ಕಂಪ್ಯೂಟರು. ಅವರು ಅದರಲ್ಲಿ ಇಸ್ಪೀಟು ಬಿಟ್ಟು ಬೇರೇನೂ ಆಡಿದವರಲ್ಲ. ಇಡೀ ಹಳ್ಳಿಯನ್ನು ಬರೆದು ತೋರಿಸುವ ತ್ರಾಣ ಅದರ ಗ್ರಾಫಿಕ್ಸ್ ಕಾರ್ಡಿಗಿರಲಿಲ್ಲ. ಚಿತ್ರ ನಿಂತು ನಿಂತು ಹಾರುತ್ತಿತ್ತು. ತಿರುವು ಕಣ್ಣಿಗೆ ಬೀಳುವ ಹೊತ್ತಿಗೆ ಕಾಜಮ್ಮನ ಗೊಂಬೆ ತಿರುವು ದಾಟಿ, ಬೇಲಿಗೆ ಮುಖ ಒತ್ತಿಕೊಂಡು ನಿಂತಿರುತ್ತಿತ್ತು.

"ಎಲ್ಲಿದೀಯೆ?"

"ಇಲ್ಲೇ ಅಕ್ಕ, ಬೇಲಿ ಹತ್ರ."

"ಯಾವ ಬೇಲಿ?"

"ನಿನ್ನೆ ಗುದ್ದಿದ್ನಲ್ಲ, ಅದೇ."

"ಎಡಕ್ಕೆ ಬಾ. ಎಡಕ್ಕೆ! ಸೂಜಿ ಹಿಡಿಯೋ ಕೈ ಅಲ್ಲ ಕಣೆ, ಇನ್ನೊಂದು!"

"ಬಂದೆ, ಬಂದೆ... ಅಕ್ಕಾ, ಹಳ್ಳದಲ್ಲಿದೀನಿ."

ಹೀಗೆ ಕೂಗಳತೆಯ ದಾರಿಗೆ ಒಂದು ಗಂಟೆ. ಅಷ್ಟರಲ್ಲಿ ಕೆರೆಯ ದೊಡ್ಡ ಮೀನುಗಳೆಲ್ಲ ಬೇರೆಯವರ ಬುಟ್ಟಿ ಸೇರಿರುತ್ತಿದ್ದವು. ಅಕ್ಕನಿಗೆ ಸಿಟ್ಟು ಬರುವುದು ನ್ಯಾಯವೇ.

ಕಾಜಮ್ಮನ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಕೆಲಸ ಬಿಡುವ ಮೊದಲು ಟೈಲರ್ ಅಂಗಡಿಯಲ್ಲಿ ಶರ್ಟುಗಳಿಗೆ ಕೈಯಿಂದ ಕಾಜಾ ಹೊಲಿಯುತ್ತ ಕಳೆದಿದ್ದ ಮೂವತ್ತೊಂದು ವರ್ಷಗಳು ಅವಳಿಗೆ ಈ ಬಿರುದನ್ನು ದಯಪಾಲಿಸಿದ್ದವು. ಓದುಬರಹ ಅಷ್ಟಕ್ಕಷ್ಟೇ, ಅಳತೆಯಲ್ಲಿ ಮಾತ್ರ ಒಂದು ನೂಲಿನಷ್ಟೂ ತಪ್ಪಿದವಳಲ್ಲ. ಮರುದಿನವೇ ಟೇಪು ತೆಗೆದು, ಕಂಪ್ಯೂಟರಿನ ಡಬ್ಬಿಯ ಎದೆ, ಸೊಂಟ, ಉದ್ದ ಎಲ್ಲವನ್ನೂ ಅಳೆದುಕೊಂಡು, ಹಳೇ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಗೆ ದಂಡಯಾತ್ರೆ ಹೊರಟಳು.

ಅಂಗಡಿಯವನು ದಪ್ಪ ಕನ್ನಡಕದ ನಡುವಯಸ್ಸಿನವನು. ಅವನು ಮೂರು ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟ.

"ಮೂರೂ ಎಂಟ್ಹತ್ತು ವರ್ಷದ ಹಳೇವು ಅಮ್ಮ. ಬಡವರ ಪಾಲಿನ ಕಾರ್ಡು ಅನ್ಕೊಳ್ಳಿ. ಇದು ಎರಡು ಜಿಬಿ. ಇವೆರಡು ನಾಲ್ಕು ಜಿಬಿ."

"ಜಿಬಿ ಅಂದ್ರೆ?"

"ಒಳಗಿನ ಜಾಗ."

"ಜಾಸ್ತಿ ಜಾಗ ಯಾತಕ್ಕಪ್ಪ, ನಾನೊಬ್ಬಳೇ ಇರೋದು."

ಅಂಗಡಿಯವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ಕಾರ್ಡು ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬರೆಯುತ್ತದೋ ಆಟ ಅಷ್ಟು ನುಣ್ಣಗೆ ಓಡುತ್ತದೆ ಎಂದು ವಿವರಿಸಿದ. ಅವಳ ಮನೆಯ ಕಾರ್ಡು ಹನ್ನೊಂದು ಬರೆದರೆ ಹೆಚ್ಚು ಎಂದ. ಕಾಜಮ್ಮನ ಮುಖ ಅರಳಿತು. ಇಂಚಿಗೆ ಹನ್ನೊಂದು ಹೊಲಿಗೆ ಹಾಕಿದ ಕಾಜಾ ಎರಡೇ ಒಗೆತಕ್ಕೆ ಬಾಯಿ ಬಿಡುತ್ತದೆ, ಇದು ಅವಳಿಗೆ ಗೊತ್ತಿಲ್ಲದ್ದೇ?

"ಅಂದ್ರೆ ನಂದು ದೂರ ದೂರ ಹೊಲಿಗೆ ಹಾಕ್ತಿದೆ."

"ಹೊಲಿಗೆ ಅಲ್ಲಮ್ಮ, ಫ್ರೇಮು."

"ಅದೇ."

ಹೋಲಿಕೆ ಮೂರು ದಿನ ನಡೆಯಿತು. ಅವನು ಒಂದೊಂದೇ ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಅದೇ ಹಳ್ಳಿಯ ಆಟ ಓಡಿಸುವುದು, ಅವಳು ಪರದೆಯ ಮೂಲೆಯಲ್ಲಿ ಬರುವ ಅಂಕಿಯನ್ನು ಕಣ್ಣು ಕಿರಿದು ಮಾಡಿ ನೋಡುವುದು. ಎರಡು ಜಿಬಿಯದು ಇಪ್ಪತ್ತಾರು. ಬಿಸಿಯೇರದಂತೆ ಒಂಟಿ ಫ್ಯಾನು ಕೂರಿಸಿದ್ದ ನಾಲ್ಕು ಜಿಬಿಯದು ಮೂವತ್ತೆಂಟು. ಜೋಡಿ ಫ್ಯಾನಿನದು ಐವತ್ತೆರಡು. ಆದರೆ ಅದಕ್ಕೆ ಬೇರೆ ಕರೆಂಟಿನ ವೈರು ಬೇಕು, ಉದ್ದವೂ ಹನ್ನೊಂದು ಇಂಚು. ಅವಳ ಡಬ್ಬಿಯಲ್ಲಿ ಜಾಗ ಒಂಬತ್ತೂವರೆ.

"ಇದನ್ನ ಒಂದೂವರೆ ಇಂಚು ಗಿಡ್ಡ ಮಾಡೋಕಾಗಲ್ವಾ?"

"ಪ್ಯಾಂಟಲ್ಲಮ್ಮ ಇದು!"

ಎರಡನೇ ದಿನ ಮೂವತ್ತೆಂಟರ ಕಾರ್ಡು ಇದ್ದಕ್ಕಿದ್ದಂತೆ ಕರ್ರ್ ಎಂದಿತು. ಸುಟ್ಟ ವಾಸನೆ ಬಂತು. ಅಂಗಡಿಯವನು ಗಾಬರಿಯಿಂದ ಸ್ವಿಚ್ಚು ಆರಿಸಿ ಬಿಚ್ಚಿ ನೋಡಿದರೆ, ಫ್ಯಾನಿನ ಸುತ್ತ ನೀಲಿ ದಾರ ಉಂಡೆಯಾಗಿ ಸುತ್ತಿಕೊಂಡಿದೆ.

"ಏನಮ್ಮ ಇದು?"

"ಗುರುತು. ಬಟ್ಟೆ ಅದಲು ಬದಲಾಗಬಾರದು ಅಂತ ನಾವು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ತೀವಿ. ನೀಲಿ ಅಂದ್ರೆ ಎರಡನೇ ಗಿರಾಕಿ."

"ಫ್ಯಾನಿಗೆ ಕಟ್ಟಿದೀರಲ್ಲ! ಅದು ತಿರುಗುತ್ತೆ!"

"ತಿರುಗೋದಕ್ಕೆ ಕಟ್ಟಬಾರದು ಅಂತ ನೀನು ಮೊದಲೇ ಹೇಳ್ಬೇಕಿತ್ತು."

ಅವನು ಅರ್ಧ ಗಂಟೆ ಚಿಮಟ ಹಿಡಿದು ಎಳೆ ಎಳೆಯಾಗಿ ದಾರ ಕಿತ್ತ. ಕಾಜಮ್ಮ ಪಕ್ಕದಲ್ಲಿ ಕೂತು, ಎಳೆ ಹೇಗೆ ಬಿಡಿಸಬೇಕೆಂದು ಸಲಹೆ ಕೊಟ್ಟಳು. ಕೊನೆಗೆ ಅದೇ ಕಾರ್ಡು ಗೆದ್ದಿತು. (ಅಷ್ಟು ಹಿಂಸೆ ತಡೆದುಕೊಂಡದ್ದು ಬಾಳಿಕೆ ಬಂದೇ ಬರುತ್ತದೆಂಬುದು ಅವಳ ತರ್ಕ.) ಅವನು ಮನೆಗೆ ಬಂದು ಜೋಡಿಸಿ, ಹಳೆಯದನ್ನು ಅವಳ ಕೈಗಿಟ್ಟ. "ಇದನ್ನ ಯಾರೂ ಮುಟ್ಟಲ್ಲ, ಇಟ್ಕೊಳ್ಳಿ."

ಸಂಜೆ ಐದಕ್ಕೆ ಹಳ್ಳಿ ರೇಷ್ಮೆಯಂತೆ ತೆರೆದುಕೊಂಡಿತು. ಎಲೆಗಳು ಅಲುಗುತ್ತಿದ್ದವು. ಬೇಲಿ ದೂರದಿಂದಲೇ ಕಾಣಿಸಿ ತಾನಾಗಿ ಪಕ್ಕಕ್ಕೆ ಸರಿದಂತಾಯಿತು. ನಾಲ್ಕು ನಿಮಿಷದಲ್ಲಿ ಅಕ್ಕತಂಗಿಯರು ಕೆರೆಯ ದಡದಲ್ಲಿದ್ದರು.

"ಶಭಾಷ್!" ಎಂದಳು ಅಕ್ಕ. "ಇನ್ನು ನಿನ್ನ ಚಿಂತೆ ಇಲ್ಲ ನನಗೆ. ನೀನು ಇಲ್ಲಿ ಹಿಡಿ. ನಾನು ನಮ್ಮ ಗುಂಪಿನ ಜೊತೆ ದೋಣೀಲಿ ಹೋಗ್ತೀನಿ."

"ಅಕ್ಕ, ಇವತ್ತು ಅಂಗಡೀಲಿ ಏನಾಯ್ತು ಗೊತ್ತಾ..."

ದೋಣಿ ದೂರ ಹೋಯಿತು. ಅಕ್ಕನ ದನಿಯೂ ಹೋಯಿತು. ಕಾಜಮ್ಮ ಒಂದು ಗಂಟೆಯಲ್ಲಿ ಹದಿನಾರು ಮೀನು ಹಿಡಿದಳು. ಒಂದೊಂದರ ಹುರುಪೆಯನ್ನೂ ಎಣಿಸಬಹುದಿತ್ತು, ಚಿತ್ರ ಅಷ್ಟು ನಿಚ್ಚಳ. ನೋಡು ಅನ್ನುವುದಕ್ಕೆ ಯಾರೂ ಇರಲಿಲ್ಲ. ಮರುದಿನವೂ ಹಾಗೇ. ಮೂರನೇ ದಿನ ಗೇಟಿನಲ್ಲಿ ಅಕ್ಕ ಇರಲೇ ಇಲ್ಲ, ಪರದೆಯ ಮೇಲೆ ಎರಡು ಪದ ಬರೆದು ಹೋಗಿದ್ದಳು: "ದಾರಿ ಗೊತ್ತಲ್ಲ."

ಹೆಡ್‌ಫೋನು ಹಾಕಿಕೊಂಡೇ ಕೂತ ಕಾಜಮ್ಮನಿಗೆ ಆಗ ಲೆಕ್ಕ ಅರ್ಥವಾಯಿತು. ಅಕ್ಕ ಮಂಡಿ ಆಪರೇಷನ್ನಿಗೆ ಹೆದರುತ್ತಾಳೆಂದು ಅವಳಿಗೆ ತಿಳಿದದ್ದು ಹಳ್ಳದಲ್ಲಿ ಬಿದ್ದಿದ್ದಾಗ. ಅಮ್ಮನ ಹಳೇ ಕಥೆಗಳನ್ನು ಇಬ್ಬರೂ ನೆನೆಸಿಕೊಂಡು ನಕ್ಕದ್ದು ಬೇಲಿಯ ಹತ್ತಿರ. ಮಾತೆಲ್ಲ ಇದ್ದದ್ದು ಆ ದೂರ ದೂರದ ಹೊಲಿಗೆಯ ಸಂದಿಯಲ್ಲಿ.

ಬೆಳಗಾಗುತ್ತಲೇ ಡಬ್ಬಿಯನ್ನು ಕೈಗಾಡಿಯಲ್ಲಿ ಎಳೆದುಕೊಂಡು ಅಂಗಡಿಗೆ ಹೋದಳು.

"ಏನು ಕಂಪ್ಲೇಂಟು ಅಮ್ಮ?"

"ಬೇಗ ಓಡ್ತದೆ."

"ಅದು ಕಂಪ್ಲೇಂಟಾ?"

"ಹಳೇದನ್ನೇ ಹಾಕಿಕೊಡು. ಇದನ್ನ ನೀನು ತಗೋ."

"ಮಾರಿದ್ದು ವಾಪಸ್ ಇಲ್ಲಮ್ಮ. ಅದ್ರಲ್ಲೂ ದಾರ ತಿಂದ ಕಾರ್ಡು!" ಎಂದ ಅವನು. ಆದರೂ ಹಳೆಯದನ್ನು ಹಾಕಿಕೊಟ್ಟ. ಮೂವತ್ತೆಂಟರದು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದು ಮೇಜಿನ ಖಾನೆ ಸೇರಿತು.

ಅಂದು ಸಂಜೆ ಕಾಜಮ್ಮ ಐದಕ್ಕೆ ಮೊದಲೇ ಅಕ್ಕನಿಗೆ ಫೋನು ಮಾಡಿ ಗೇಟಿಗೆ ಕರೆಸಿಕೊಂಡಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗೊಂಬೆ ಬೇಲಿಗೆ ಡಿಕ್ಕಿ ಹೊಡೆಯಿತು.

"ಅಕ್ಕಾ, ಬೇಲಿ ಹತ್ರ ಇದೀನಿ!" ಬಹುಮಾನ ಬಂದವರ ದನಿ.

"ಮತ್ತೆ ಶುರುವಾಯ್ತಾ? ಕಾರ್ಡಿಗೇನಾಯ್ತು?"

"ಅದು... ಒಗ್ಗಲಿಲ್ಲ."

"ಅಲ್ಲೇ ನಿಂತಿರು. ನಿನ್ನಂಥವರಿಗೂ ನಮ್ಮ ಗುಂಪಲ್ಲಿ ಒಂದು ವ್ಯವಸ್ಥೆ ಇದೆ."

ವ್ಯವಸ್ಥೆ ಬಂತು. ಕುಂಬಳಕಾಯಿ ತುಂಬಿದ ಕತ್ತೆಗಾಡಿ. "ಹತ್ತು. ಏನೂ ಒತ್ಬೇಡ, ಸುಮ್ನೆ ಕೂತಿರು. ಅದೇ ಕೆರೆಗೆ ಬರುತ್ತೆ," ಎಂದು ತಂಗಿಯನ್ನು ಗಾಡಿಗೇರಿಸಿ, ಅಕ್ಕ ತಾನು ಕುದುರೆ ಹತ್ತಿ, ಕೆಂಪು ಟೋಪಿಯವನೊಬ್ಬನ ಜೊತೆ ಮುಂದೆ ಓಡಿಸಿಬಿಟ್ಟಳು. ಹೆಡ್‌ಫೋನಿನಲ್ಲಿ ಕತ್ತೆಯ ಗೊರಸಿನ ಸದ್ದು ಮಾತ್ರ ಉಳಿಯಿತು. ಇದಕ್ಕಿಂತ ಫ್ರಿಜ್ಜೇ ವಾಸಿ ಅನ್ನಿಸಿತು ಕಾಜಮ್ಮನಿಗೆ.

"ನೀವೂ ಸಾಮಾನಾ?" ಎಂದಿತು ಒಂದು ಹೆಣ್ಣು ದನಿ.

ಕಾಜಮ್ಮ ಬೆಚ್ಚಿದಳು. "ಯಾರದು?"

"ನಿಮ್ಮ ಹಿಂದೇನೇ, ಕುಂಬಳಕಾಯಿ ಪಕ್ಕ. ಮುಂದೆ ಹೋದ್ನಲ್ಲ ಕೆಂಪು ಟೋಪಿ, ಅವನ ಅಮ್ಮ. ನಾಲ್ಕು ತಿಂಗಳಿಂದ ಇದೇ ಗಾಡಿ ನಂದು. ಮಾತಾಡೋಕೆ ಕಾಯಿಗಳು ಬಿಟ್ರೆ ಯಾರೂ ಇಲ್ಲ. ನಿಮ್ದೂ ಹಳೇ ಕಾರ್ಡಾ?"

"ಹೂಂ. ಸೆಕೆಂಡಿಗೆ ಹನ್ನೊಂದು. ನಿಮ್ದು?"

"ಹನ್ನೊಂದಾ! ನೀವು ಶ್ರೀಮಂತರು ಬಿಡಿ. ನಂದು ಒಂಬತ್ತು. ಎರಡು ಫ್ಯಾನಲ್ಲಿ ಒಂದು ತಿರುಗಲ್ಲ." ಆ ದನಿ ನಕ್ಕಿತು. ಸೇತುವೆ ಬರುವ ಹೊತ್ತಿಗೆ ಇಬ್ಬರೂ ಫ್ಯಾನು, ಮಂಡಿನೋವು, ಅಕ್ಕಂದಿರು, ಮಕ್ಕಳು ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದಿದ್ದರು. ಆಮೇಲೆ ಆಕೆ ತುಸು ಸಂಕೋಚದಿಂದ ಕೇಳಿದಳು: "ನಾನೂ ಒಂದು ಹುಡುಕ್ತಾ ಇದೀನಿ ಕಣ್ರೀ. ಮೂವತ್ತೈದು ನಲವತ್ತು ಬರೆಯೋ ಅಂಥದ್ದು, ಹಳೇದಾದ್ರೂ ಸರಿ. ಸಿಕ್ಕಿದ್ರೆ ನಾನೂ ಈ ಗಾಡಿಯಿಂದ ಇಳಿದು ನಡೆದು ಹೋಗ್ತೀನಿ. ನಿಮಗೆಲ್ಲಾದ್ರೂ ಗೊತ್ತಾ?"

ಕಾಜಮ್ಮನ ಕಣ್ಣು ಮೇಜಿನ ಖಾನೆಯ ಕಡೆ ಹೊರಳಿತು. ಕರವಸ್ತ್ರದ ಮೂಲೆ ಹೊರಗೆ ಇಣುಕುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಗಿರಾಕಿಯ ಒಂದೇ ಒಂದು ಗುಂಡಿಯನ್ನೂ ಬಚ್ಚಿಟ್ಟವಳಲ್ಲ ಅವಳು.

ಮೊಣಕಾಲಿನಿಂದ ಖಾನೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು.

"ವಿಚಾರಿಸ್ತೀನಿ," ಎಂದಳು. "ಆದ್ರೆ ಆತುರ ಪಡಬೇಡಿ. ಇಂಥದ್ದನ್ನೆಲ್ಲ ನಾಲ್ಕಾರು ಹೋಲಿಸಿ ನೋಡಿ ತಗೋಬೇಕು. ಅದಕ್ಕೆ ಬಹಳ ದಿನ ಹಿಡಿಯುತ್ತೆ."