ಭಾವನ ಸ್ವೆಟರಿಗೆ ವರ್ಕ್ ಪರ್ಮಿಟ್

ಉಲ್ಲನ್ ದಾರಕ್ಕೂ ಸುರಕ್ಷತಾ ನಿಯಮ ಓದಿ ಹೇಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಅಕ್ಕನ ಗಂಡ. ಕತಾರಿನಲ್ಲಿರುವ ಅಷ್ಟೂ ಕನ್ನಡಿಗರಲ್ಲಿ ಇಂಥವರು ಇನ್ನೊಬ್ಬರಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಇದ್ದರೆ, ಆ ಮನೆಯವರ ಮೇಲೆ ನನಗೆ ಕನಿಕರವಿದೆ.

ಭಾವ ಮೈಸೂರಿನವರು. ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಇಂಜಿನಿಯರ್. ಪೈಪಿನೊಳಗಿನ ಒತ್ತಡ ಕೂದಲೆಳೆಯಷ್ಟು ಏರಿದರೂ ಅವರಿಗೆ ಗೊತ್ತಾಗಬೇಕು. ಸಂಬಳ ಬರುವುದೇ ಅದಕ್ಕೆ. ಆ ಅಭ್ಯಾಸ ಅಲ್ ವುಕೈರಿನ ಫ್ಲಾಟಿನವರೆಗೂ ಹಿಂಬಾಲಿಸಿಕೊಂಡು ಬಂದಿದೆ. ಒಮ್ಮೆ ನಾನು "ಭಾವ, ಸಕ್ಕರೆ ಸ್ವಲ್ಪ ಹಾಕಿ" ಎಂದದ್ದಕ್ಕೆ, "ಸ್ವಲ್ಪ ಅಂದ್ರೆ ಎಷ್ಟು ಗ್ರಾಂ, ಸರಿಯಾಗಿ ಹೇಳಮ್ಮ" ಎಂದು ಚಮಚ ಹಿಡಿದು ಕಾಯುತ್ತ ನಿಂತಿದ್ದರು. ಕಾಫಿ ಆರಿಹೋಯಿತು.

ಇನ್ನು ನಮ್ಮಕ್ಕ. ಹೆಣಿಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ದೋಹಾದಲ್ಲಿ ಗುರುತಿನವರ ಮನೆಯಲ್ಲಿ ಮಗು ಹುಟ್ಟಿದರೆ ಅಕ್ಕನ ಉಲ್ಲನ್ ಟೋಪಿ ಹೋಗಲೇಬೇಕು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಟೋಪಿಯೊಳಗೆ ಮಗು ಇಡ್ಲಿಯಂತೆ ಬೇಯುತ್ತಿದೆ, ಅದರ ತಾಯಿ ಮಾತ್ರ "ಎಷ್ಟ್ ಚೆನ್ನಾಗಿದೆ ಆಂಟಿ!" ಎನ್ನುತ್ತಿದ್ದಾಳೆ! ಮನೆಯೊಳಗೆ ಏಸಿ ಇದೆಯಲ್ಲ ಎನ್ನುವುದು ಅಕ್ಕನ ವಾದ.

ಅಂಥ ಅಕ್ಕ ಅಕ್ಟೋಬರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಮಡಚಲೇ ಒಲ್ಲವು. ಫಿಸಿಯೋಥೆರಪಿಯವರು ಒಂದು ಮೆತ್ತನೆಯ ಕೆಂಪು ಚೆಂಡು ಕೊಟ್ಟು, ದಿನಾ ನೂರು ಸಲ ಹಿಸುಕಬೇಕು, ಈಗ ಬಿಟ್ಟರೆ ಬೆರಳುಗಳು ಹೀಗೇ ಸೆಟೆದು ನಿಂತುಬಿಡುತ್ತವೆ ಎಂದು ಎಚ್ಚರಿಸಿದರು. "ನಾನೇನು ಎಳೆ ಮಗುವಾ, ಚೆಂಡಾಡೋಕೆ?" ಎಂದು ಅಕ್ಕ ಅದನ್ನು ಫ್ರಿಜ್ಜಿನ ತರಕಾರಿ ಡಬ್ಬಿಗೆ ಹಾಕಿದಳು. ಟೊಮೇಟೊ ಎಂದುಕೊಂಡು ನಾನೊಮ್ಮೆ ಅದನ್ನು ಹೆಚ್ಚಲು ಹೋಗಿದ್ದೆ. ಆದರೆ ಅಕ್ಕ ಎಡಗೈಯಲ್ಲಿ ಕಾಫಿ ಲೋಟ ಎತ್ತುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ದಿನ ಉಲ್ಲನ್ ಬುಟ್ಟಿಯನ್ನು ಬೀರುವಿನ ಮೇಲೆ ಇಡಿಸಿ, "ಖಲಾಸ್ ಕಣೆ. ಇನ್ನು ನನ್ನ ಕೈಲಿ ಆಗಲ್ಲ" ಎಂದಳು.

ಡಿಸೆಂಬರ್ ರಜೆ ಬಂತು. ಊರಿಗೆ ಹೋಗುವವರೆಲ್ಲ ಹೋದರು. ಚಿಕಿತ್ಸೆ ತಪ್ಪಬಾರದೆಂದು ಅಕ್ಕ, ಭಾವ ಮಾತ್ರ ಟಿಕೆಟ್ ರದ್ದು ಮಾಡಿಸಿ ಉಳಿದರು. ಭಾವನಿಗೆ ಮೂರು ವಾರ ರಜೆ, ಮಾಡಲು ಕೆಲಸವಿಲ್ಲ. ಮೊದಲ ದಿನವೇ ಬುಟ್ಟಿ ಕೆಳಗಿಳಿಸಿ ಘೋಷಿಸಿದರಂತೆ: "ನಮ್ಮ ಕಂಟ್ರೋಲ್ ರೂಮಲ್ಲಿ ಏಸಿ ಸಿಕ್ಕಾಪಟ್ಟೆ. ನನ್ನ ಸ್ವೆಟರ್ ನಾನೇ ಹೆಣ್ಕೋತೀನಿ."

ಶುಕ್ರವಾರ ನಾನು ಅಲ್ ರಯ್ಯಾನಿನ ನನ್ನ ಮನೆಯಿಂದ ಹೋಗಿ ನೋಡಿದರೆ, ಸೋಫಾದ ಸುತ್ತ ಅಪಾಯದ ಜಾಗಕ್ಕೆ ಕಟ್ಟುವ ಕೆಂಪು ಬಿಳಿ ಪಟ್ಟಿ! ನಡುವೆ ಸೇಫ್ಟಿ ಕನ್ನಡಕ ಹಾಕಿಕೊಂಡು ಭಾವ. ಫ್ರಿಜ್ಜಿನ ಬಾಗಿಲಿಗೆ, ಪ್ಲಾಂಟಿನಲ್ಲಿ ಅಪಾಯದ ಕೆಲಸ ಶುರು ಮಾಡುವ ಮುಂಚೆ ಸಹಿ ಹಾಕಿಸಿಕೊಳ್ಳುವಂಥ ಒಂದು ವರ್ಕ್ ಪರ್ಮಿಟ್ ಅಂಟಿಸಿದ್ದರು. ಕೆಲಸ: ಹೆಣಿಗೆ. ಅಪಾಯ: ಚೂಪಾದ ಕಡ್ಡಿ. ಅನುಮತಿ ಕೊಟ್ಟವರು: ಹೆಂಡತಿ. ಕೆಳಗೆ ಅಕ್ಕನ ಎಡಗೈ ಸಹಿ, ಕೋಳಿ ಕೆದಕಿದ ಹಾಗೆ.

"ಇದೇನು ಭಾವ, ಪಟ್ಟಿ ಬೇರೆ?"

"ಸಣ್ಣ ಕಡ್ಡಿಯಾದ್ರೂ ಕಣ್ಣು ಕಣ್ಣೇ ತಾನೆ? ಆ ಕಡೆ ನಿಂತು ಮಾತಾಡು."

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡವರ ಹೆಣಿಗೆ ಹೇಗಿರಬೇಕು? ನಡುವೆ ಉದ್ದಕ್ಕೂ ತೂತು! ನೀರುದೋಸೆ ಕೊಡಲು ಬಂದ ಎದುರು ಫ್ಲಾಟಿನ ಉಡುಪಿಯ ಆಂಟಿ, "ಎಂತ ಮಾರಾಯ್ರೆ, ಬಲೆ ನೇಯುವುದಾ? ಬಂಗುಡೆ ಸಿಕ್ಕಿದ್ರೆ ನಮಗೂ ಸ್ವಲ್ಪ ಕೊಡಿ ಆಯ್ತಾ" ಎಂದರು. ಭಾವ ತಲೆ ಎತ್ತದೆ, "ಅದು ವೆಂಟಿಲೇಶನ್" ಎಂದರು.

ಅಕ್ಕ ಎರಡು ದಿನ ಮುಖ ತಿರುಗಿಸಿ ಕೂತಿದ್ದಳಂತೆ. ಮೂರನೆಯ ದಿನ ಭಾವ ಒಂದು ಕುಣಿಕೆ ಬಿಟ್ಟು, ಬಿಟ್ಟದ್ದನ್ನು ಹುಡುಕಲು ದಾರ ಎಳೆದು, ಎಳೆದದ್ದೆಲ್ಲ ಕಿತ್ತು ಬಂದಾಗ ಅವಳಿಗೆ ತಡೆಯಲಾಗಲಿಲ್ಲ. "ಅಯ್ಯೋ, ಕೊಡ್ರೀ ಇಲ್ಲಿ! ಆ ಉಲ್ಲನ್ ನಿಮಗೇನು ಪಾಪ ಮಾಡಿತ್ತು!" ಎಂದು ಪಟ್ಟಿ ದಾಟಿ ಹೋಗಿ ಕಡ್ಡಿ ಕಿತ್ತುಕೊಂಡಳು. ಹಲ್ಲು ಕಚ್ಚಿ ಎರಡು ಸಾಲು ಹಾಕಿದಳು. ಆಮೇಲೆ ಕೈ ನೀವಿಕೊಳ್ಳುತ್ತ ಕೂತಳು. "ಪರ್ಮಿಟ್ ಇಲ್ದೆ ಒಳಗೆ ಬಂದೆ" ಎಂದಷ್ಟೇ ಭಾವ ಹೇಳಿದರು. ಮರುದಿನ ಮತ್ತೆ ತಪ್ಪು, ಮತ್ತೆ ಬೈಗುಳ, ನಾಲ್ಕು ಸಾಲು. ಮುಂದಿನ ಶುಕ್ರವಾರ ನಾನು ಹೋದಾಗ ಅಕ್ಕ ಒಂದೇ ಸಲಕ್ಕೆ ಹತ್ತು ಸಾಲು ಮುಗಿಸಿದಳು. ಇಷ್ಟು ಓದಿದ ಮನುಷ್ಯನಿಗೆ ಎಂಬತ್ತು ಕುಣಿಕೆ ಎಣಿಸಲು ಬರುವುದಿಲ್ಲವಲ್ಲ ಎಂದು ನಾನೂ ನಕ್ಕೆ.

ಅವತ್ತೇ ಸಂಜೆ ನೀರಿನ ಬಾಟಲಿ ತರಲು ಹೋಗಿ ಭಾವನ ಕಾರಿನ ಡಿಕ್ಕಿ ತೆಗೆದೆ. ಅವರ ಪ್ಲಾಂಟಿನ ಹೆಲ್ಮೆಟ್ಟಿನೊಳಗೆ ಮಡಚಿಟ್ಟ ಬೂದು ಬಣ್ಣದ ಮಫ್ಲರ್. ಮಾರುದ್ದ. ಒಂದು ಕುಣಿಕೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಷ್ಟರಲ್ಲಿ ಭಾವ ಹಿಂದಿನಿಂದ ಬಂದರು.

"ಇದನ್ನ ಯಾರು ಹೆಣೆದಿದ್ದು ಭಾವ?"

"ನಾನೇ. ನವೆಂಬರಲ್ಲೇ ಕಲ್ತೆ. ಊಟದ ಬಿಡುವಲ್ಲಿ, ವಿಡಿಯೋ ನೋಡ್ಕೊಂಡು."

"ಮತ್ತೆ ಮನೇಲಿ ಆ ಬಲೆ?"

ಭಾವ ಮೇಲಿನ ಬಾಲ್ಕನಿಯ ಕಡೆ ನೋಡಿ ದನಿ ತಗ್ಗಿಸಿದರು. "ತಪ್ಪು ಮಾಡೋದು ಸುಲಭ ಅಂದ್ಕೊಂಡ್ಯಾ? ಅವಳಿಗೆ ಸಿಟ್ಟು ಬರೋ ಅಷ್ಟು ಕೆಟ್ಟಿರಬೇಕು, ಕೈ ನೋಯೋ ಅಷ್ಟು ಕೆಟ್ಟಿರಬಾರದು. ದಿನಾ ಒಂದೆರಡು ಸಾಲು ಜಾಸ್ತಿ ಆಗ್ಬೇಕು. ಪ್ಲಾಂಟಲ್ಲೂ ನಾನು ಇಷ್ಟು ತಲೆ ಕೆಡಿಸ್ಕೊಂಡಿಲ್ಲ. ಬಾಯಿ ಬಿಟ್ಟೆ ಅಂದ್ರೆ ನೋಡು!"

ನಾನು ಬಾಯಿ ಬಿಡಲಿಲ್ಲ. ಒಂದು ವಾರ ಪೂರ್ತಿ! ನನ್ನ ಮಟ್ಟಿಗೆ ಅದು ತಪಸ್ಸು. ರಜೆಯ ಕೊನೆಯ ಶನಿವಾರ ಅಕ್ಕ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದಳು. ಆ ಅಡುಗೆಮನೆಗೆ ಬಾಗಿಲಿಲ್ಲ. ಸೋಫಾದಲ್ಲಿ ಕೂತ ಭಾವ ನಮಗೆ ಕಾಣುತ್ತಿದ್ದರು, ನಾವು ಅವರಿಗೆ. ನಾನು ಪಿಸುಗುಟ್ಟಿದೆ: "ಅಕ್ಕಾ, ಭಾವನ ತಪ್ಪು..."

"ಗೊತ್ತು ಕಣೆ" ಎಂದಳು. "ಬರದೇ ಇರೋರು ಎಲ್ಲೆಲ್ಲೋ ತಪ್ತಾರೆ. ಇವರು ದಿನಾ ಸರಿಯಾಗಿ ನಡುಮಧ್ಯೆ, ನಲವತ್ತನೇ ಕುಣಿಕೆಲೇ ತಪ್ತಾರೆ. ತಪ್ಪನ್ನೂ ಅಳತೆ ಪ್ರಕಾರ ಮಾಡೋ ಮನುಷ್ಯ!"

"ಮತ್ತೆ ಯಾಕೆ ಸುಮ್ನಿದ್ದೆ?"

"ಆ ಚೆಂಡು ಹಿಡ್ಕೊಂಡ್ರೆ ನಾನು ಪೇಷಂಟು. ಇಲ್ಲಿ ನಾನು ಟೀಚರ್ರು. ಬೈಯೋಕೂ ಒಳ್ಳೆ ಅವಕಾಶ, ಬಿಡು."

ಹಾಗೆನ್ನುತ್ತ ಅವಳು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ನೊರೆ ಬರಿಸಿದಳು. ಬಲಗೈಯಲ್ಲಿ! ಒಂದು ಹನಿ ಚೆಲ್ಲಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಅಕ್ಕ ಮಾತ್ರ ಏನೂ ಆಗದವಳಂತೆ ಲೋಟ ಹಿಡಿದು ಸೋಫಾದ ಕಡೆ ನಡೆದಳು.

ಭಾವ ಎಂದಿನಂತೆ, "ಲೇ, ಇಲ್ಲೊಂದು ಕುಣಿಕೆ ಬಿಟ್ಟೋಯ್ತು" ಎಂದರು. ಕಣ್ಣು ಮಾತ್ರ ಹೆಣಿಗೆಯ ಮೇಲಿರಲಿಲ್ಲ, ಅಕ್ಕನ ಬಲಗೈಯ ಮೇಲಿತ್ತು.

ಅಕ್ಕ ಹೆಣಿಗೆ ತೆಗೆದುಕೊಂಡು, ಬೆರಳಿಟ್ಟು ಎಣಿಸಿದಳು. ಎಣಿಸುತ್ತ ಎಣಿಸುತ್ತ ನಲವತ್ತು ದಾಟಿ ಮುಂದೆ ಹೋದಳು.

"ಎಪ್ಪತ್ತಮೂರನೇದು ಕಣ್ರೀ" ಎಂದಳು ಮೆತ್ತಗೆ. "ಇದು ನಿಜವಾಗ್ಲೂ ತಪ್ಪಿದೆ."

ಭಾವ ಸೇಫ್ಟಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.