ಭಾವನವರ ಆಸಿಡ್ ಪಾಠ

೧೯೭೧ರಲ್ಲಿ, ಒಂಬತ್ತನೇ ತರಗತಿಯಲ್ಲಿ, ನಾನು ಓದು ಬಿಟ್ಟೆ. ಆದರೆ ಓದು ನನ್ನನ್ನು ಬಿಡಬೇಕಲ್ಲ? ಹೆಂಡತಿಯ ಅಣ್ಣನಾಗಿ, ಮದುವೆಯ ಜೊತೆ ಉಚಿತವಾಗಿ ಮನೆಗೆ ಬಂತು!

ಭಾವ ಹೈಸ್ಕೂಲಿನ ವಿಜ್ಞಾನ ಮಾಸ್ತರರು. ಅಂಗಿಯ ಕಿಸೆಯಲ್ಲಿ ಸದಾ ನೀಲಿ ಲಿಟ್ಮಸ್ ಕಾಗದ. ಜೆಪ್ಪಿನ ಒಂದು ಮದುವೆ ಊಟದಲ್ಲಿ ಅದನ್ನು ಸಾರಿಗೆ ಅದ್ದಿಯೇಬಿಟ್ಟರು. ಕಾಗದ ಕೆಂಪಾಯಿತು.

"ಎಂತ, ವಿಷ ಉಂಟಾ?" ಅಡುಗೆಯವರು ಸೌಟು ಹಿಡಿದೇ ಬಂದರು.

"ಆಮ್ಲ ಉಂಟು!"

"ಹುಣಸೆಹುಳಿ ಹಾಕಿದವ ನಾನೇ ಮಾರಾಯ್ರೆ!"

ಇದನ್ನು ತಿಳಿಯಲು ನಾಲಗೆ ಸಾಲದೆ?

ನನ್ನದು ಬಚ್ಚಲುಮನೆಗೆ ಟೈಲ್ಸ್ ಕೂರಿಸುವ ಕೆಲಸ. ಸಿಮೆಂಟ್ ಕಲೆ ತೆಗೆಯಲು ಆಸಿಡ್ ಬೇಕೇ ಬೇಕು. ಭಾನುವಾರ ಬಂತೆಂದರೆ ಭಾವ ಕೆಲಸದ ಜಾಗಕ್ಕೇ ಹಾಜರು.

"ಹೈಡ್ರೋಜನ್ ಕ್ಲೋರೈಡ್ ಒಣ ಅನಿಲ ಆಗಿದ್ದಾಗ ಆಸಿಡ್ ಅಲ್ಲ. ನೀರು ಸಿಕ್ಕಿದ ಮೇಲೆಯೇ ಅದರ ಪ್ರತಾಪ. ನಿನ್ನ ಬಾಟ್ಲಿಯಲ್ಲಿ ಇರುವುದು ನೀರಲ್ಲಿ ಕರಗಿದ ಅನಿಲ. ಮುಚ್ಚಿದ ಕೋಣೆಯಲ್ಲಿ ಬೇಡ ಮಾರಾಯ, ಜೀವ ಹೋಗ್ತದೆ!"

"ಇಷ್ಟು ವರ್ಷ ಹೋಗಲಿಲ್ಲ ಭಾವ. ನಿಮ್ಮ ಪಾಠಕ್ಕೆ ಹೋದರೆ ಹೋದೀತು."

ನಾನು ನಂಬುವುದಿಲ್ಲವೆಂದು ಬಿಜೈಯ ಭಾವನ ಮನೆಯಲ್ಲಿ ಪ್ರಯೋಗವೇ ನಡೆಯಿತು. ಅನಿಲ ತುಂಬಿದ ಗಾಜಿನ ಬುರುಡೆ ತಲೆಕೆಳಗು. ಅದರ ಕೊಳವೆ ಕೆಳಗಿನ, ಲಿಟ್ಮಸ್ ಬೆರೆಸಿದ ನೀಲಿ ನೀರಿನಲ್ಲಿ. ಅನಿಲವೆಲ್ಲ ನೀರಿಗೆ ಕರಗಿ ಬುರುಡೆ ಬರಿದಾದದ್ದೇ ತಡ, ಆ ನೀರು ಮೇಲಕ್ಕೆ ಚಿಮ್ಮಿ ಕೆಂಪು ಕಾರಂಜಿಯಾಯಿತು! ಭಾವ ಮೀಸೆ ತಿರುವಿದರು. ನಮ್ಮ ಅತ್ತೆ ಮಾತ್ರ ಕೊಡಪಾನ ಕೆಳಗಿಟ್ಟು ಹೇಳಿದರು: "ಮಗಾ, ನೀರು ಏರಿಸಲಿಕ್ಕೆ ಇಷ್ಟು ಗೊತ್ತುಂಟಲ್ಲ, ಮಾಳಿಗೆಯ ಟಾಂಕಿಗೆ ಏರಿಸು!"

ಮುಂದೊಂದು ಭಾನುವಾರ, ಪಡೀಲಿನ ಹೊಸಮನೆಯ ಕಿಟಕಿಯಿಲ್ಲದ ಬಚ್ಚಲಿನಲ್ಲಿ ನಾನು ಕಾಲು ಜಾರಿ ಬಿದ್ದೆ. ಆಸಿಡಿನ ಗಾಜಿನ ಜಾಡಿ ಒಡೆಯಿತು. ಬಿಳಿ ಹೊಗೆಯಲ್ಲಿ ಬಾಗಿಲೇ ಕಾಣಲಿಲ್ಲ, ಉಸಿರು ಕಟ್ಟಿತು. ಪಾಠಕ್ಕೆಂದು ಬಂದಿದ್ದ ಭಾವ ಇಸ್ತ್ರಿ ಮಾಡಿದ ಅಂಗಿ ಕಳಚಿ, ಬಾಲ್ದಿಯ ನೀರಿನಲ್ಲಿ ಮುಳುಗಿಸಿ, ಒಳಗೆ ನುಗ್ಗಿ ನನ್ನ ಮೂಗಿಗೆ ಒತ್ತಿದರು.

"ಇದರಲ್ಲೇ ಉಸಿರಾಡು! ಅನಿಲ ಬಟ್ಟೆಯ ನೀರಿಗೇ ಕರಗ್ತದೆ!"

ಸಾಯುವ ಹೊತ್ತಿನಲ್ಲೂ ಪಾಠ!

ಅವರು ನನ್ನನ್ನು ಹೊರಗೆಳೆದು ತಂದ ಮೇಲೆ ನೋಡಿದೆ. ಅವರ ಮೂಗಿಗೆ ಅಡ್ಡವಾಗಿ ಏನೂ ಇರಲಿಲ್ಲ. ಅನಿಲ ಅವರ ಗಂಟಲಿನ ಪಸೆಗೇ ಕರಗಿ ತನ್ನ ಗುಣ ತೋರಿಸಿತ್ತು.

ಭಾವನ ಸ್ವರ ಮತ್ತೆ ಪೂರ್ತಿ ಮರಳಲಿಲ್ಲ. ತರಗತಿಯ ಹಿಂದಿನ ಬೆಂಚಿಗೆ ಅವರ ಮಾತು ಕೇಳುವುದಿಲ್ಲವಂತೆ. ಭಾನುವಾರ ಈಗಲೂ ಬರುತ್ತಾರೆ. ನಾನು ಕೆಲಸ ನಿಲ್ಲಿಸಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ಕೇಳುತ್ತೇನೆ.

ಇಂದು ನನಗಿರುವುದು ಒಂದು ಟೆಂಪೊ, ನಾಲ್ವರು ಕೆಲಸದವರು, ಒಂದು ಸ್ವಂತ ಮನೆ, ಒಬ್ಬ ಭಾವ.